ಸೋಮವಾರ ಕೆಡವಬೇಕಿದ್ದ ಕೊಬ್ಬರಿ ಮನೆ

ನಮ್ಮ ಹಾರನಹಳ್ಳಿ ಕಡೆ ಈಗ ಯಾರು ಏನೇ ಶುರು ಮಾಡಲಿ, ಮೊದಲು ತಗಡಿನ ಶೆಡ್ಡು ಏಳಬೇಕು. ಹಪ್ಪಳ ಮಾಡುವವರಿಗೂ ಶೆಡ್ಡು, ರಾಗಿ ಹುರಿಹಿಟ್ಟಿನವರಿಗೂ ಶೆಡ್ಡು. ನಮ್ಮ ಮಹಿಳಾ ಸಂಘದವರು ಕೊಬ್ಬರಿ ಎಣ್ಣೆ ಘಟಕ ಮಾಡುತ್ತೇವೆಂದಾಗ ನಮ್ಮ ಮಾವ ಧರ್ಮಪ್ಪನವರು ಹಿತ್ತಿಲು ಬಿಟ್ಟುಕೊಡಲು ಒಪ್ಪಿದರು. ಆದರೆ ಅಲ್ಲಿ ನಮ್ಮ ಹಳೆಯ ಕೊಬ್ಬರಿ ಮನೆ ಇತ್ತು.

"ಸೋಮವಾರ ಜೆಸಿಬಿ ಬತ್ತದೆ ಲತಾಮಣಿ. ಅದನ್ನ ಕೆಡವಿ ಶೆಡ್ಡು ಹಾಕಿಸ್ಕೊಡ್ತೀನಿ," ಎಂದರು.

ನನಗೆ ಸಂಕಟವಾಯಿತು. ನಾನು ಸೊಸೆಯಾಗಿ ಬಂದಾಗ ಮೊದಲು ಕೈಗೆ ಸಿಕ್ಕ ಕೆಲಸವೇ ಅಲ್ಲಿಯದು. ಮೇಲೆ ಸೀಳಿದ ಅಡಿಕೆ ಮರದ ದಬ್ಬೆಯ ಅಟ್ಟ, ಅದರ ತುಂಬ ತೆಂಗಿನಕಾಯಿ. ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗಬೇಕು. ಅತ್ತೆ ಕೆಂಪಲಕ್ಷ್ಮಮ್ಮ ಏಣಿ ಹತ್ತಿ, ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿದ ಕೊಬ್ಬರಿ ಗಿಟುಕು ಕದಲಿದರೆ "ಆಗೈತೆ ಕಣೇ, ಹಿಡ್ಕೋ" ಎಂದು ಕೆಳಗೆ ಬಿಡುತ್ತಿದ್ದರು. ಬಿರುಬೇಸಿಗೆಯಲ್ಲೂ ಏಳೆಂಟು ಜನ ಹೆಂಗಸರು ಅಲ್ಲೇ ಕೂತು ಕಾಯಿ ಸುಲಿಯುತ್ತ, ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದೆವು. ಅತ್ತೆ ಹೋಗಿ ಆರು ವರ್ಷವಾಯಿತು. ತೋಟದ ಫಸಲೆಲ್ಲ ಎಳನೀರಿಗೇ ಹೋಗಲು ಶುರುವಾದ ಮೇಲೆ ಅಟ್ಟವೂ ಖಾಲಿ ಬಿತ್ತು.

ಅತ್ತರೆ ಕರಗುವ ಜೀವವಲ್ಲ ನಮ್ಮ ಮಾವ. ನಾನೂ ಸುಮ್ಮನೆ ಕೂರುವವಳಲ್ಲ. ಬಸ್ಸು ಹತ್ತಿ ಬಾಣಾವರಕ್ಕೆ ಹೋಗಿ ನನ್ನ ಪರಿಚಯದ ಬಿಂದುಶ್ರೀಯನ್ನು ಕರೆದುಕೊಂಡು ಬಂದೆ. ತಿನ್ನುವ ಪದಾರ್ಥ ತಯಾರಿಸುವ ಕಟ್ಟಡಗಳನ್ನು ಪರೀಕ್ಷೆ ಮಾಡುವುದೇ ಅವಳ ಕೆಲಸ.

"ಕಟ್ಟಡ ನೋಡೋಕೂ ಒಬ್ರು ಬೇಕೇನವ್ವ? ಗಟ್ಟಿ ಐತೋ ಇಲ್ವೋ, ಅಷ್ಟೇ ತಾನೆ," ಎಂದರು ಮಾವ.

"ಗಟ್ಟಿ ಇದ್ರೆ ಸಾಲ್ದು ಯಜಮಾನ್ರೇ. ದಿನಾ ಎಷ್ಟು ಕರೆಂಟು ಎಳೀತದೆ, ಎಷ್ಟು ನೀರು ಬೇಕು, ಕೊಳೆ ನೀರು ಎಲ್ಲಿಗೆ ಹೋಯ್ತದೆ, ಅದನ್ನೂ ನೋಡ್ಬೇಕು. ಬನ್ನಿ, ಇಂದ್ರೇಶಣ್ಣನ ಶೆಡ್ಡಿಗೆ ಹೋಗಿಬರೋಣ."

ಪಕ್ಕದ ಬೀದಿಯ ಇಂದ್ರೇಶ್ ಹೋದ ವರ್ಷ ತಾನೇ ಎಣ್ಣೆ ಗಾಣದ ಶೆಡ್ಡು ಹಾಕಿಸಿದ್ದರು. ಆ ವಿಷಯ ನಾನು ಬಸ್ಸಿನಲ್ಲೇ ಬಿಂದುಶ್ರೀಗೆ ಹೇಳಿದ್ದೆ. ನಾವು ಹೋದಾಗ ಮಧ್ಯಾಹ್ನ ಒಂದು ಗಂಟೆ. ಅಷ್ಟು ಬಿಸಿಲಿದ್ದರೂ ಒಳಗೆ ಲೈಟು ಉರಿಯುತ್ತಿತ್ತು. ಮೂರು ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸುತ್ತಿದ್ದವು. ತೊಳೆದ ನೀರು ಚರಂಡಿಯಲ್ಲಿ ಹರಿದು ನೇರ ದನ ನೀರು ಕುಡಿಯುವ ಕಟ್ಟೆಗೆ ಸೇರುತ್ತಿತ್ತು.

"ದನ ಆ ನೀರು ಮೂಸೂ ನೋಡಲ್ಲ ಧರ್ಮಣ್ಣ," ಎಂದರು ಇಂದ್ರೇಶ್. "ಕಟ್ಟಿಸೋವಾಗ ಕಿಟಕಿ ಬೇಡ, ಧೂಳು ಬತ್ತದೆ ಅಂದ್ಬಿಟ್ಟೆ. ಈಗ ಕಾವಿಗೆ ಕೊಬ್ಬರಿ ಬೇಗ ಕಮಟು ಹಿಡೀತದೆ."

ಅಲ್ಲಿಂದ ಬಂದು ಕೊಬ್ಬರಿ ಮನೆಯ ಬಾಗಿಲು ತೆಗೆದೆವು. ದಪ್ಪ ಮಣ್ಣಿನ ಗೋಡೆ, ಒಳಗೆ ತಂಪು. ಗಾಜಿನ ಹೆಂಚಿನಿಂದ ಬೆಳಕು ಬೀಳುತ್ತಿತ್ತು, ದಬ್ಬೆ ಸಂದಿಯಲ್ಲಿ ಗಾಳಿಯಾಡುತ್ತಿತ್ತು. ಮಾವ ಗೋಡೆಗೆ ಒರಗಿ ಕೂತರು. ಬಹಳ ಹೊತ್ತು ಏಳಲೇ ಇಲ್ಲ.

"ಬೇಸಿಗೇಲಿ ನಿಮ್ಮತ್ತೆ ಇಲ್ಲೇ ಮಲಗ್ತಿದ್ಲು," ಎಂದರು ಕೊನೆಗೆ. "ಇಲಿ ಓಡಾಡೋ ಜಾಗದಲ್ಲಿ ಏನು ಸುಖಾನೇ ಅಂತ ನಾನು ರೇಗ್ತಿದ್ದೆ. ಒಂದಿನವೂ ಒಳಗೆ ಬಂದು ಕೂತು ನೋಡ್ಲಿಲ್ಲ."

ಬಿಂದುಶ್ರೀ ಮಾತ್ರ ಸುಲಭಕ್ಕೆ ಒಪ್ಪುವವಳಲ್ಲ. "ಹಳೇದು ಅಂತ ನಾನು ಬಿಟ್ಬಿಡಲ್ಲ ಯಜಮಾನ್ರೇ. ಇಲಿ ನುಗ್ಗೋ ಸಂದಿಗೆಲ್ಲ ಜಾಲರಿ ಹೊಡೀಬೇಕು. ನೆಲ ತೊಳೆಯೋ ಹಂಗೆ ನಯ ಮಾಡಿಸ್ಬೇಕು. ಗೋಡೇನ ಒಂದ್ಸಲ ಇಂಜಿನಿಯರ್‌ಗೆ ತೋರಿಸಿ. ಕೊಳೆ ನೀರಿಗೆ ಬಾವಿಯಿಂದ ದೂರ ಗುಂಡಿ ತೋಡಿ, ಸೋಸಿ ತೆಂಗಿನ ಬುಡಕ್ಕೆ ಬಿಡಿ. ಇಷ್ಟಾದ್ರೆ ಹಗಲಲ್ಲಿ ಲೈಟೂ ಬೇಡ, ಫ್ಯಾನೂ ಬೇಡ."

ಮಾವ ಫೋನು ತೆಗೆದು ಜೆಸಿಬಿಯವನಿಗೆ ಹೇಳಿದರು. "ಸೋಮವಾರ ಬಾರಪ್ಪ. ಮನೆ ಕೆಡವೋಕಲ್ಲ, ಗುಂಡಿ ತೋಡೋಕೆ."

ಈಗ ನಾವು ಎಂಟು ಜನ ಅಲ್ಲೇ ಕೆಲಸ ಮಾಡುತ್ತೇವೆ. ಇಂದ್ರೇಶಣ್ಣನೂ ಶೆಡ್ಡಿನ ಗೋಡೆ ಒಡೆಸಿ ಕಿಟಕಿ ಇಡಿಸುತ್ತಿದ್ದಾರೆ.

ಅಕ್ಕಂದಿರೇ, ಅಣ್ಣಂದಿರೇ, ಎಣ್ಣೆಗೋ ಹಿಟ್ಟಿಗೋ ಹಪ್ಪಳಕ್ಕೋ ಕಟ್ಟಡ ಕಟ್ಟುವ ಮುಂಚೆ, ಇರುವುದನ್ನು ಕೆಡವುವ ಮುಂಚೆ, ಸುಡುಬಿಸಿಲಿನ ಹೊತ್ತಿನಲ್ಲಿ ಅಂಥದ್ದೊಂದು ಕಟ್ಟಡದೊಳಗೆ ಅರ್ಧ ಗಂಟೆ ಕೂತು ನೋಡಿ. ದೀಪವಿಲ್ಲದೆ ಕಣ್ಣು ಕಾಣುತ್ತದೆಯೇ, ಫ್ಯಾನಿಲ್ಲದೆ ಕೂರಲಾಗುತ್ತದೆಯೇ, ತೊಳೆದ ನೀರು ಯಾರ ಬಾವಿಯ ಕಡೆ ಹೋಗುತ್ತಿದೆ, ಎಲ್ಲ ವಿಚಾರಿಸಿ. ತಿಳಿದವರನ್ನು ಕರೆಸಲು ಸಂಕೋಚ ಬೇಡ. ನಾನು ಆವತ್ತು ಬಸ್ಸು ಹತ್ತದೆ ಸುಮ್ಮನಿದ್ದಿದ್ದರೆ ನಮ್ಮ ಅತ್ತೆಯ ಕೊಬ್ಬರಿ ಮನೆ ಇವತ್ತು ಮಣ್ಣುಗುಡ್ಡೆಯಾಗಿರುತ್ತಿತ್ತು.