ಸಂಜೆ ಐದರಿಂದ ಆರು

ನನ್ನ ಸಿಟ್ಟು ಕಾತ್ರಜದ ನಮ್ಮ ಸೊಸೈಟಿಯ ವಾಚ್‌ಮನ್‌ಗೂ ಗೊತ್ತಿತ್ತು. ನಾನು ಬಾಯಿ ತೆರೆದರೆ ಎದುರು ಫ್ಲ್ಯಾಟಿನವರು ಟಿವಿ ದನಿ ತಗ್ಗಿಸಿ ಕೇಳುತ್ತಿದ್ದರು. ಸಿಟ್ಟೆಲ್ಲ ಒಬ್ಬರ ಮೇಲೆ, ನನ್ನ ಅತ್ತೆ ಚನ್ನಬಸವ್ವನ ಮೇಲೆ. ಹೃದಯ ದುರ್ಬಲವಾಯಿತೆಂದು ಅವರನ್ನು ವಿಜಯಪುರದಿಂದ ಕರೆತಂದು ಎರಡು ವರ್ಷವಾಗಿತ್ತು. ಎದೆನೋವು ಬಂದರೆ ಒಂದು ನಿಮಿಷವೂ ತಡಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ನೋವು ಬರಲಿಲ್ಲ, ಕರೆಗಳು ಬಂದವು. "ರೇಣೂ, ಫ್ಯಾನ್ ಸಣ್ಣ ಮಾಡ. ರೇಣೂ, ಹಾಲು ಉಕ್ಕತಾವ ನೋಡ." ದಿನಕ್ಕೆ ಐವತ್ತು ಸಲ. ತಲೆ ಕೆಟ್ಟು ಹೋಗುತ್ತಿತ್ತು.

ಖಡಕಿಯ ಕಾರ್ಖಾನೆಯಲ್ಲಿ ಗುಮಾಸ್ತರಾಗಿರುವ ನನ್ನ ಗಂಡ ಸದಾನಂದ ಕೊನೆಗೆ ನನ್ನನ್ನು ಹತ್ತು ದಿನದ ಬೌದ್ಧ ಧ್ಯಾನ ಶಿಬಿರಕ್ಕೆ ಕಳಿಸಿದರು. ಉಸಿರು ಬರುವುದನ್ನು ನೋಡು, ಹೋಗುವುದನ್ನು ನೋಡು. ಸಿಟ್ಟು ಬಂದರೆ ಸಿಟ್ಟು ಬಂತೆಂದು ತಿಳಿ. ಮನೆಗೆ ಬಂದವಳು ಪಾತ್ರೆ ತೊಳೆಯುವಾಗ ಪಾತ್ರೆಯನ್ನೇ ನೋಡಿದೆ, ರೊಟ್ಟಿ ಬಡಿಯುವಾಗ ಅಂಗೈಯನ್ನೇ. ಅತ್ತೆ ಕರೆದರೆ ಮೂರು ಉಸಿರು ಬಿಟ್ಟು ಓ ಅಂದೆ. ಮನೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ, ಸುಖವಾಗಿತ್ತು.

ಸಂಜೆ ಐದರಿಂದ ಆರರವರೆಗೆ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಆ ಹೊತ್ತನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಕಾಯ್ದವರು ಅತ್ತೆಯೇ. ಅರವತ್ತು ವರ್ಷ ದಿನವೂ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿದವರು. ಪೂಜೆಗೆ ಕೂತವರನ್ನು ಮಾತಾಡಿಸುವುದು ಅವರಿಗೆ ಮಹಾ ಪಾಪ. ನನ್ನದೂ ಅಂಥದೇ ಪೂಜೆ ಎಂದು ತಿಳಿದಿದ್ದರು. "ಸುಮ್ನಿರ, ನಿಮ್ಮವ್ವ ಪೂಜಾಕ್ಕ ಕುಂತಾಳ," ಎಂದು ಎಂಟು ವರ್ಷದ ನನ್ನ ಮಗಳು ಶಿವಾನಿಯನ್ನು ಗದರಿಸುತ್ತಿದ್ದರು. ನಾನು ತಿದ್ದಲಿಲ್ಲ. ಆ ಒಂದು ತಾಸು ಅವರ ದನಿ ಇರುತ್ತಿರಲಿಲ್ಲ, ನನಗೆ ಬೇಕಾಗಿದ್ದೂ ಅದೇ.

ಕಳೆದ ಗುರುವಾರ ಮಧ್ಯಾಹ್ನ ಪಕ್ಕದ ಮನೆಯ ನೀಲಿಮಾಳ ಮುಂದೆ ಅತ್ತೆ ನಗುತ್ತ, "ನಮ್ಮ ರೇಣುಗ ಇನ್ನೂ ಸಾರಿಗೆ ಉಪ್ಪು ಹಾಕಾಕ ಬರೂದಿಲ್ಲ" ಅಂದರು. ನಾನೂ ನಕ್ಕೆ. ಐದಕ್ಕೆ ಬಾಗಿಲು ಹಾಕಿಕೊಂಡೆ. ಉಸಿರನ್ನು ನೋಡಲಿಲ್ಲ. ಕಣ್ಣು ಮುಚ್ಚಿ, ಎರಡು ವರ್ಷ ಅವರು ಆಡಿದ ಮಾತುಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಐದೂಕಾಲಿಗೆ ಯಾರೋ ಬಾಗಿಲು ಬಡಿದರು, ಒಂದೇ ಸಲ. ಮುದುಕಿಯ ಹೊಸ ಆಟ, ಕಾಯಲಿ ಅಂದುಕೊಂಡೆ. ಮತ್ತೆ ಬಡಿಯಲಿಲ್ಲ. ಗೆದ್ದೆ ಅನ್ನಿಸಿತು.

ಆರಕ್ಕೆ ಬಾಗಿಲು ತೆರೆದೆ. ಅತ್ತೆ ಪಕ್ಕದ ಗೋಡೆಗೆ ಒರಗಿ ಕೂತಿದ್ದರು. ರವಿಕೆ ಬೆವರಿನಿಂದ ತೊಯ್ದಿತ್ತು. ಒಂದು ಕೈ ಎದೆಯ ಮೇಲಿತ್ತು, ಇನ್ನೊಂದು ಶಿವಾನಿಯ ಮಣಿಕಟ್ಟನ್ನು ಹಿಡಿದಿತ್ತು. ಉಸಿರು ನಿಂತಿತ್ತು. ಅಜ್ಜಿ ನಿದ್ದೆ ಮಾಡುತ್ತಿದ್ದಾಳೆಂದು ಮಗಳು ಸದ್ದಿಲ್ಲದೆ ಕೂತಿದ್ದಳು. ಆ ಬೆರಳುಗಳನ್ನು ನಾನೇ ಬಿಡಿಸಿದೆ.

ಅರ್ಧ ತಾಸು ಮೊದಲು ತಂದಿದ್ದರೆ ಉಳಿಯುತ್ತಿದ್ದರು ಎಂದು ಆಸ್ಪತ್ರೆಯ ಡಾಕ್ಟರು ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಸದಾನಂದ ಕಾರ್ಖಾನೆಯಿಂದ ನೇರ ಬಂದಿದ್ದರು. ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದರು:

"ಮಮ್ಮಿನ್ನ ಯಾಕ ಕರೀಲಿಲ್ಲ, ಪುಟ್ಟಿ?"

"ಬಾಗಲಾ ಒಮ್ಮೆ ಬಡದೆ ಪಪ್ಪಾ. ಅಜ್ಜಿ ನನ್ನ ಕೈ ಹಿಡಕೊಂಡ್ಲು. ಪೂಜಾ ಕೆಡಸಬ್ಯಾಡ, ಮುಗೀಲಿ, ನಾ ತಡಕೋತೀನಿ ಅಂದ್ಲು."

ಸದಾನಂದ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಹೂಂ ಅಂದುಬಿಡಲಿ ಎಂಬ ಆಸೆಯಿತ್ತು.

"ಧ್ಯಾನದಾಗ ಇದ್ದಿ. ನಿನಗ ಕೇಳಿಸಿರಲಿಕ್ಕಿಲ್ಲ, ಹೌದಲ್ಲ?"

ಶಿವಾನಿಯೂ ನನ್ನನ್ನೇ ನೋಡುತ್ತಿದ್ದಳು.

"ಕೇಳಿಸಿತ್ರಿ," ಅಂದೆ.