ಬೀಗರ ಮುತ್ತಜ್ಜಂದಿರು

ನಂಬದವರು ಈಗಲೇ ಫೋನು ಕಿವಿಯಿಂದ ತೆಗೆಯಬಹುದು. ಹಿಂದಿನ ಸಲ ಈ ಗ್ರೂಪಿನಲ್ಲಿ ಲಂಡನ್ನಿನ ಗ್ರೀನ್‌ಫರ್ಡಿನ ಒಂದು ಸಂಗತಿ ಹೇಳಿದಾಗ ‘ಅಜ್ಜ ಎಲ್ಲಾ ಕಲಸಿಬಿಟ್ಟಿದ್ದಾರೆ’ ಎಂದು ಬರೆದು ಕೆಳಗೆ ನಗುವ ಮುಖ ಹಾಕಿದವರು ಯಾರೆಂದು ಗೊತ್ತಿದೆ, ಹೆಸರು ಹೇಳುವುದಿಲ್ಲ. ಬೆಳಿಗ್ಗೆ ಬಿಪಿ ಮಾತ್ರೆ ನುಂಗಿದ್ದು ಮರೆಯುತ್ತದೆ, ಒಪ್ಪಿದೆ. ಒಬ್ಬ ಮನುಷ್ಯ ಮುಖ ಸಣ್ಣದು ಮಾಡಿಕೊಂಡು ಕೂತದ್ದು ಮರೆಯುವುದಿಲ್ಲ. ಬಸವಂತಪ್ಪ ಅವತ್ತು ಹಾಗೆ ಕೂತಿದ್ದ.

ಕೂತದ್ದು ಮಗಳ ಮನೆಯಲ್ಲಿ, ಕೊಲಿಂಡೇಲಿನ ಫ್ಲ್ಯಾಟಿನ ಸೋಫಾದ ತುದಿಯಲ್ಲಿ. ಎದುರಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು. ಅದರ ಮುಂದೆ ಒಂದು ಕುರ್ಚಿಯಲ್ಲಿ ಮಗಳು ಸುವರ್ಣಾ, ಇನ್ನೊಂದರಲ್ಲಿ ಅವಳ ಮಾವ ಗಾರ್ಡನ್ ಸಿಂಕ್ಲೇರ್. ಇಬ್ಬರ ತಲೆಗಳು ಇನ್ನೇನು ತಾಗುವ ಹಾಗಿದ್ದವು. ಬಸುರಿ ಮಗಳು ಎಣ್ಣೆಗಾಯಿ ಬಯಸಿದ್ದಾಳೆಂದು ಬಸವಂತಪ್ಪ ಸೌತ್‌ಹಾಲಿನಲ್ಲಿ ಅಂಗಡಿ ಅಂಗಡಿ ಸುತ್ತಿ, ಬೆರಳಲ್ಲಿ ಒತ್ತಿ ನೋಡಿ ಎಳೆ ಬದನೆಕಾಯಿ ಆರಿಸಿ ತಂದಿದ್ದ. ಆ ಚೀಲ ಬಾಗಿಲ ಬಳಿಯೇ ಬಿದ್ದಿತ್ತು. "ಅಪ್ಪಾ, ಒನ್ ಮಿನಿಟ್" ಎಂದವಳು ತಿರುಗಿ ನೋಡಿರಲಿಲ್ಲ.

ಗಾರ್ಡನ್ ಸ್ಕಾಟ್ಲೆಂಡಿನ ತುತ್ತತುದಿಯ ಕೇತ್ನೆಸ್ ಎಂಬ ಸೀಮೆಯವನು. ಹರೆಯದಲ್ಲಿ ಲಂಡನ್ನಿಗೆ ಬಂದು, ಜಮೀನು ಅಳೆಯುವ ಸರ್ವೇಯರ್ ಕೆಲಸ ಮಾಡಿ ನಿವೃತ್ತನಾದ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಹಿಡಿದ ಹುಚ್ಚು ಇದು, ತನ್ನ ಮುತ್ತಜ್ಜಂದಿರನ್ನು ಹುಡುಕುವುದು. ಅದು ಸಲೀಸಲ್ಲ. ಆ ದೇಶದ ಸರಕಾರ ಹುಟ್ಟು ಸಾವುಗಳನ್ನು ದಾಖಲು ಮಾಡಲು ಶುರುಮಾಡಿದ್ದೇ 1855ರಲ್ಲಿ. ಅದಕ್ಕೂ ಹಿಂದೆ ಇದ್ದದ್ದು ಊರಿನ ಚರ್ಚುಗಳ ಹಳೇ ಪುಸ್ತಕಗಳು. ಕೆಲವಕ್ಕೆ ನೀರು ಬಿದ್ದಿದೆ, ಕೆಲವುಗಳ ಹಾಳೆ ಇಲ್ಲ, ಪಾದ್ರಿಯ ಜೊತೆ ಜಗಳಾಡಿ ಬೇರೆ ಚರ್ಚಿಗೆ ಹೋದವರ ಮಕ್ಕಳು ಅದರಲ್ಲಿ ಹುಟ್ಟೇ ಇಲ್ಲ. ಸಿಕ್ಕಿದರೂ ಒಂದೇ ಸಾಲು: ಇಂಥ ಹೊಲದ ಜಾನ್ ಸಿಂಕ್ಲೇರನ ಮಗ ವಿಲಿಯಂಗೆ ದೀಕ್ಷಾಸ್ನಾನವಾಯಿತು, ಮುಗಿಯಿತು. ನಮ್ಮ ಕಡೆ ಪಾಟೀಲರಿದ್ದಂತೆ ಆ ಸೀಮೆಯಲ್ಲಿ ಸಿಂಕ್ಲೇರರು. ಯಾವ ಜಾನ್, ಯಾವ ವಿಲಿಯಂ? ಅದಕ್ಕೆ ಗಾರ್ಡನ್ ಒಂದು ದಾರಿ ಹಿಡಿದಿದ್ದ. 1855ರ ನಂತರ ಸತ್ತವರ ಸರ್ಟಿಫಿಕೇಟಿನಲ್ಲಿ ಅವರ ಅಪ್ಪ ಅವ್ವನ ಹೆಸರಿರುತ್ತದೆ. ಹೆಚ್ಚು ಕಾಲ ಬದುಕಿದ ಅಕ್ಕನೋ ತಮ್ಮನೋ ಸಿಕ್ಕರೆ ಅವರ ಸಾವಿನ ಕಾಗದ ಹಿಡಿದು ಹಿಂದಕ್ಕೆ ಜಿಗಿಯಬಹುದು.

ಈ ಜಿಗಿತದ ರುಚಿ ಸುವರ್ಣಾಗೂ ಹತ್ತಿತ್ತು. ಇನ್ನೂರು ವರ್ಷದ ಹಿಂದೆ ಸತ್ತ ಯಾವುದೋ ಸಿಂಕ್ಲೇರ್ ಕೂಸಿಗಾಗಿ ಅವಳು ಅತ್ತಳಂತೆ. ಅದನ್ನು ಕೇಳಿದ್ದೇ ಬಸವಂತಪ್ಪ ಮನಸ್ಸಿನಲ್ಲೇ ಲೆಕ್ಕ ತೆಗೆದ. ತನ್ನ ಅವ್ವ ಸತ್ತಾಗ ಇದೇ ಮಗಳು ಪರೀಕ್ಷೆ ಇದೆಯೆಂದು ಊರಿಗೆ ಬಂದಿರಲಿಲ್ಲ. ನಿನ್ನ ಅಪ್ಪ ಯಾರು, ಅವನ ಅಪ್ಪ ಯಾರು ಎಂದು ಇವತ್ತಿನವರೆಗೆ ಒಮ್ಮೆಯೂ ಕೇಳಿರಲಿಲ್ಲ.

ಟ್ಯೂಬ್ ರೈಲಿನಲ್ಲಿ ವಾಪಸು ಬರುವಾಗ ಹೆಂಡತಿ ರತ್ನಾಬಾಯಿ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು. "ನಿಮಗ ಹೊಟ್ಟಿಕಿಚ್ಚು ಆಗ್ಯದ."

"ಹೊಟ್ಟಿಕಿಚ್ಚಲ್ಲ, ಅಸಿಡಿಟಿ. ಜಿಪಿ ಡಾಕ್ಟರ್ ಹೇಳ್ಯಾನ."

"ಬೀಗರನ್ನ ಕಂಡಾಗಷ್ಟ ಏಳೂ ಅಸಿಡಿಟಿ ಯಾವ ಜಿಪಿ ಪುಸ್ತಕದಾಗ ಅದ?"

ಕುಬುಸ, ಅಂದರೆ ಸೀಮಂತ, ಬಸವಂತಪ್ಪನ ಗ್ರೀನ್‌ಫರ್ಡಿನ ಮನೆಯಲ್ಲಾಯಿತು. ಹಸಿರು ಸೀರೆ, ಹಸಿರು ಬಳೆ, ಮುಡಿ ತುಂಬ ಮಲ್ಲಿಗೆ. ವಿಜಯಪುರ, ಧಾರವಾಡದ ಕಡೆಯವರ ಜೊತೆಗೆ ಹೋಟೆಲು ನಡೆಸುವ ಕುಂದಾಪುರದ ಸತ್ಯನಾರಾಯಣನೂ ಬಂದಿದ್ದ. ಆರತಿ ಮುಗಿದ ಮೇಲೆ ಗಾರ್ಡನ್ ದೊಡ್ಡ ಸುರುಳಿಯೊಂದನ್ನು ಬಿಚ್ಚಿ ಗೋಡೆಗೆ ಹಿಡಿದ. ಹುಟ್ಟುವ ಕೂಸಿಗೆ ಅವನ ಉಡುಗೊರೆ, ವಂಶವೃಕ್ಷ. ಎಡಕ್ಕೆ ಸಿಂಕ್ಲೇರರು, ಹತ್ತು ತಲೆಮಾರು, ಚೆಂದದ ಕೈಬರಹದಲ್ಲಿ. ಬಲಕ್ಕೆ ಸುವರ್ಣಾ, ಅವಳ ಮೇಲೆ ಬಸವಂತಪ್ಪ, ರತ್ನಾಬಾಯಿ. ಅದರ ಮೇಲೆ ಬರೀ ಬಿಳಿ ಹಾಳೆ.

ಎಲ್ಲರೂ ಎಡಗಡೆ ನೋಡಿ ತಲೆದೂಗಿದರು. ಬಲಗಡೆ ನೋಡಿದವನು ಸತ್ಯನಾರಾಯಣ ಒಬ್ಬನೇ.

"ಬಸವಂತಪ್ಪನವ್ರೇ, ನಿಮ್ ಸೈಡ್ ಪೂರ್ತಿ ಖಾಲಿ ಇದ್ಯಲ್ಲ. ಬಾಡಿಗೆಗೆ ಕೊಡೋದಾ?"

ನಕ್ಕರು. ಮಗಳೂ ನಕ್ಕಳು. ಗಾರ್ಡನ್ ಮಾತ್ರ ನಗದೆ ಪೆನ್ನಿನ ಮುಚ್ಚಳ ತೆಗೆದು, ಹೇಳು ಬಸು, ನಿನ್ನ ಕಡೆಯದನ್ನು ನೀನೇ ಹೇಳಬೇಕೆಂದು ಬಿಟ್ಟಿದ್ದೇನೆ ಎಂದ.

ಬಸವಂತಪ್ಪ ಎದ್ದು ನಿಂತ. ಅಪ್ಪ ಶಿವಲಿಂಗಪ್ಪ. ಅವನಪ್ಪ ಬಸವಂತಪ್ಪ, ಅಜ್ಜನ ಹೆಸರನ್ನೇ ನನಗೆ ಇಟ್ಟರು. ಅವನಪ್ಪ ಮತ್ತೆ ಶಿವಲಿಂಗಪ್ಪ, ಅವನಪ್ಪ ಮತ್ತೆ ಬಸವಂತಪ್ಪ. ಗಾರ್ಡನ್‌ಗೆ ಖುಷಿಯೋ ಖುಷಿ. ನಮ್ಮಲ್ಲೂ ಹೀಗೇ, ಅಜ್ಜನ ಹೆಸರು ಮೊಮ್ಮಗನಿಗೆ, ಅದಕ್ಕೇ ಈ ಜಾನ್ ವಿಲಿಯಂಗಳ ಗೋಳು ಎಂದು ಬರೆದುಕೊಂಡ. ಬರೆದು ತಲೆಯೆತ್ತಿದ.

ಅಲ್ಲಿಗೆ ಬಸವಂತಪ್ಪನಿಗೆ ಗೊತ್ತಿದ್ದದ್ದು ಮುಗಿದಿತ್ತು. ಎಡಗಡೆಯ ಸಾಲು ಇನ್ನೂ ಮೇಲಕ್ಕೆ ಹೋಗುತ್ತಲೇ ಇತ್ತು. ಮಗಳು ಬಳೆಗಳ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಅಪ್ಪನನ್ನೇ ನೋಡುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಹಾಗೆ ನೋಡುತ್ತಿದ್ದಳು.

"ಅವನ ಅಪ್ಪ ಮುರಿಗೆಪ್ಪ" ಎಂದ ಬಸವಂತಪ್ಪ.

ಬಾಯಿ ಬಿಟ್ಟ ಮೇಲೆ ದಾರಿ ಸಲೀಸಾಯಿತು. ಮುರಿಗೆಪ್ಪನ ಅಪ್ಪ ಗುರುಸಿದ್ದಪ್ಪ, ಅವನ ಅಪ್ಪ ಮಲ್ಲೇಶಪ್ಪ, ಇನ್ನೊಬ್ಬ, ಮತ್ತೊಬ್ಬ. ಸಿಂಕ್ಲೇರರಿಗಿಂತ ಒಂದು ಗೇಣು ಮೇಲೆ ಹೋಗಿ ನಿಂತ. ಸುವರ್ಣಾ ಕೇಳಿದಳು, "ಅಪ್ಪಾ, ಈ ಮುರಿಗೆಪ್ಪ ಏನ್ ಮಾಡ್ತಿದ್ದಾ? ಯೂ ನೆವರ್ ಟೋಲ್ಡ್ ಮೀ."

ಹೇಳಿದ. ಕೆಂಪು ರುಮಾಲು, ಬಿಳಿ ಎತ್ತು, ಎತ್ತಿನ ಮೇಲೆ ಕೂತು ಕೈಯಲ್ಲೊಂದು ಕಂಚಿನ ಗಂಟೆ. ಅವನು ದನಿ ತೆಗೆದರೆ ಮೂರು ಓಣಿ ಆಚೆಯವರು ಕೈಯ ಕೆಲಸ ಬಿಟ್ಟು ಬರುತ್ತಿದ್ದರು. ಸತ್ಯನಾರಾಯಣನ ಬಾಯಿ ಕೂಡ ಮುಚ್ಚಿತು.

ನೆಂಟರು ಹೋಗಿ, ಪಾತ್ರೆ ತೊಳೆಯುವಾಗ ರತ್ನಾಬಾಯಿ ಶುರುಮಾಡಿದಳು.

"ಹೆಳವರ ಮುರಿಗೆಪ್ಪ ಯಾವಾಗಿಂದ ನಿಮ್ಮ ಮುತ್ಯಾ ಆದ?"

ಬಸವಂತಪ್ಪ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದ.

"ಲಗ್ನ ಆದ ವರ್ಷ ಅವನ ಚೀಲಕ್ಕ ಜ್ವಾಳ ಹಾಕಿದಾಕಿ ನಾನು. ಎತ್ತಿನ ಮ್ಯಾಲ ಬಂದು, ಮನಿ ಮುಂದ ನಿಂತು, ನಿಮ್ಮ ವಂಶದವರ ಹೆಸರು ಒಂದೊಂದ ಹೇಳ್ತಿದ್ದ. ಕೇಳ್ರಿ ಅಂತ ನಿಮ್ಮ ಅವ್ವ ಕರೀತಿದ್ಲು. ನೀವು ಸೈಕಲ್ ಹತ್ತಿ ಹೋಗ್ತಿದ್ರಿ."

"ಅವ ಹೇಳಿದ್ದು ನೆನಪ ಉಳೀಲಿಲ್ಲ. ಅವ ಉಳದಾನ. ಏನ್ ಮಾಡ್ಲಿ?"

"ಮಗಳಿಗೆ ಹೇಳ್ರಿ. ನಾ ಹೇಳಂಗಿಲ್ಲ, ನೀವ ಹೇಳ್ರಿ."

ಹೇಳಲಿಲ್ಲ. ಯಾಕೆ ಹೇಳುತ್ತಾನೆ? ಮಗಳು ಈಗ ದಿನಾ ಸಂಜೆ ಫೋನು ಮಾಡುತ್ತಿದ್ದಳು. ಎತ್ತಿಗೆ ಹೆಸರಿತ್ತೇ, ಗಂಟೆ ಈಗ ಯಾರ ಹತ್ತಿರ ಇದೆ ಎಂದೆಲ್ಲ ಕೇಳುತ್ತಿದ್ದಳು. ಬಸವಂತಪ್ಪ ಹೇಳುತ್ತ ಹೋದ. ಅಸಿಡಿಟಿ ತಾನಾಗಿ ವಾಸಿಯಾಗಿತ್ತು.

ಹೆರಿಗೆಗೆ ಇನ್ನೇನು ದಿನ ಹತ್ತಿರವಿದ್ದಾಗ ಗಾರ್ಡನ್ ಎಲ್ಲರನ್ನೂ ಕೊಲಿಂಡೇಲಿಗೆ ಕರೆಸಿದ. ರತ್ನಾಬಾಯಿ ಹೋಳಿಗೆ ಮಾಡಿಕೊಂಡು ಹೋಗಿದ್ದಳು. ಗಾರ್ಡನ್ ಮೇಜಿನ ಮೇಲೆ ವಂಶವೃಕ್ಷ ಹರಡಿ, ಒಂದು ಸ್ಕೇಲು, ಒಂದು ಪೆನ್ನು ತೆಗೆದ. ತಪ್ಪಾಗಿದೆ ಎಂದ. ಅವನ ವಂಶದ ವಿಲಿಯಂನ ತಂಗಿಯೊಬ್ಬಳು ಮುಪ್ಪಾಗಿ 1858ರಲ್ಲಿ ಸತ್ತಿದ್ದಳು. ಅವಳ ಸಾವಿನ ಕಾಗದ ಈಗ ಸಿಕ್ಕಿದೆ, ಅದರಲ್ಲಿ ತಾಯಿಯ ಹೆಸರು ಬೇರೆ ಇದೆ. ಒಂದೇ ಊರಿನಲ್ಲಿ, ಒಂದೇ ವರ್ಷ, ಇಬ್ಬರು ವಿಲಿಯಂ ಸಿಂಕ್ಲೇರ್ ಹುಟ್ಟಿದ್ದಾರೆ. ತಾನು ಹಿಡಿದದ್ದು ಪಕ್ಕದ ಹೊಲದವನನ್ನು.

ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಹಾಕಿ ಬಿಡಿ ಎಂದು ಸುವರ್ಣಾ ಅಂಗಲಾಚಿದಳು. ಮೂರು ವರ್ಷದ ಕೆಲಸ. ಗಾರ್ಡನ್ ಹಾಳೆಯ ಮೇಲೆ ಸ್ಕೇಲು ಇಟ್ಟ.

"ಅವರು ಬೇರೆಯವರ ಅಜ್ಜಂದಿರು, ಸುವರ್ಣಾ. ನನ್ನ ಗೋಡೆಯ ಮೇಲೆ ಇಟ್ಟುಕೊಂಡರೆ ಅದು ಕಳವು."

ಹೇಳಿದ್ದು ಇಂಗ್ಲಿಷಿನಲ್ಲಿ, ಹವಾಮಾನ ಹೇಳುವ ದನಿಯಲ್ಲಿ. ಸರ್ರನೆ ಗೆರೆ ಎಳೆದ. ಐದು ತಲೆಮಾರು ಹೋಯಿತು. ಆಮೇಲೆ ಕೂತು ತುಪ್ಪ ಸುರಿದುಕೊಂಡು ಎರಡು ಹೋಳಿಗೆ ತಿಂದ.

ಬಸವಂತಪ್ಪನಿಗೆ ಮೊದಲು ಒಳಗೊಳಗೇ ಹಿಗ್ಗಾಯಿತು, ಸುಳ್ಳು ಯಾಕೆ ಹೇಳಲಿ. ಗೆದ್ದಿದ್ದ. ಆದರೆ ಬೀಗ ಎರಡನೇ ಹೋಳಿಗೆ ಮುರಿಯುವುದನ್ನು ನೋಡುತ್ತ ನೋಡುತ್ತ ಹಳೇ ಉರಿ ಮತ್ತೆ ಕಾಣಿಸಿಕೊಂಡಿತು, ಮೊದಲಿಗಿಂತ ಜೋರಾಗಿ. ಬೀಗನಿಗೆ ಮುತ್ತಜ್ಜಂದಿರಿದ್ದಾಗ ಆದ ಹೊಟ್ಟೆಕಿಚ್ಚು ಒಂದು. ಇದ್ದ ಐವರನ್ನು ಕಳಕೊಂಡು ಹೀಗೆ ತಿನ್ನಬಲ್ಲವನನ್ನು ಕಂಡಾಗ ಆದದ್ದು ಇನ್ನೊಂದು. ತನ್ನ ತಟ್ಟೆಯ ಹೋಳಿಗೆ ಹಾಗೇ ಇತ್ತು.

ಆಗ ಸುವರ್ಣಾ ಭಾರದ ಮೈ ಹೊತ್ತು ಬಂದು ಅಪ್ಪನ ಪಕ್ಕ ಕೂತು, ಹೆಗಲಿಗೆ ತಲೆ ಆನಿಸಿದಳು. ಗಂಡಾದರೆ ಮೊದಲ ಹೆಸರು ಫರ್ಗಸ್, ನಡುವಿನ ಹೆಸರು ಅಪ್ಪನ ಕಡೆಯದು, ಮುರಿಗೆಪ್ಪ. ಕ್ಯಾಲಮ್ ಒಪ್ಪಿದ್ದಾನೆ ಎಂದಳು. ಕ್ಯಾಲಮ್, ಅಂದರೆ ಅವಳ ಗಂಡ, ಫೋನಿನಿಂದ ಕಣ್ಣೆತ್ತದೆ ಹೆಬ್ಬೆರಳು ತೋರಿಸಿದ. ರತ್ನಾಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಬಾಯನ್ನೇ ನೋಡಿದಳು. ಆ ಬಾಯಿ ಒಮ್ಮೆ ತೆರೆದು ಮುಚ್ಚಿಕೊಂಡಿತು. ಹೆಗಲ ಮೇಲೆ ಮಗಳ ತಲೆ ಇತ್ತಲ್ಲ.

ಗಂಡೇ ಆಯಿತು.

ಜನನ ನೋಂದಣಿಗೆ ಹೋದ ದಿನ ಇಬ್ಬರು ಅಜ್ಜಂದಿರೂ ಜೊತೆಗೆ ಹೊರಟರು. ಗಂಡ ಹೆಂಡತಿ ಒಳಗೆ ರಿಜಿಸ್ಟ್ರಾರ್ ಮುಂದೆ, ಇವರಿಬ್ಬರು ಹೊರಗೆ ಬೆಂಚಿನ ಮೇಲೆ, ನಡುವೆ ತಳ್ಳುಗಾಡಿಯಲ್ಲಿ ಕೂಸು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಸುವರ್ಣಾ ತಲೆ ಹೊರಗೆ ಹಾಕಿದಳು.

"ಅಪ್ಪಾ, ಮುರಿಗೆಪ್ಪ ಸ್ಪೆಲಿಂಗ್ ಹೆಂಗ? ಒಂದ್ ಸಲ ಬರದ್ರ ಚೇಂಜ್ ಮಾಡೂದು ಭಾಳ ಕಷ್ಟ ಅಂತಾರ."

ಬಸವಂತಪ್ಪ ಕೂಸಿನ ಕಡೆ ನೋಡಿದ. ಮಗಳ ಕಡೆ ನೋಡಿದ. ಹೇಳುವುದಿದ್ದರೆ ಇದೇ ಗಳಿಗೆ. ಪಕ್ಕದಲ್ಲಿ ಗಾರ್ಡನ್ ತನ್ನ ಬೂಟುಗಳನ್ನು ನೋಡುತ್ತಿದ್ದ. ಬಸವಂತಪ್ಪ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. ಬಾಗಿಲು ಮುಚ್ಚಿತು.

"ಈಗ ಹೇಳು" ಎಂದ ಗಾರ್ಡನ್, ಬೂಟಿನಿಂದ ಕಣ್ಣು ತೆಗೆಯದೆ. "ಮುರಿಗೆಪ್ಪ ನಿಜವಾಗಿ ಯಾರು?"

ಬಸವಂತಪ್ಪ ಕೂಸಿನ ಹೊದಿಕೆ ಸರಿಮಾಡಿದ.

"ನಿಮ್ಮಲ್ಲಿ ಪ್ರತಿ ಹೆಸರೂ ಮೊಮ್ಮಗನಲ್ಲಿ ವಾಪಸು ಬರುತ್ತದೆ. ಅವನ ಹೆಸರು ಬರಲಿಲ್ಲ, ಅವನ ಮೇಲಿನವರದೂ ಬರಲಿಲ್ಲ. ಅದನ್ನು ಬರೆಯುವಾಗಲೇ ಗೊತ್ತಾಯಿತು. ನನ್ನ ಕೆಲಸವೇ ಅದು."

ಬಸವಂತಪ್ಪ ಹೇಳಿದ. ಹೆಳವ ಎಂದರೇನು, ಸುಗ್ಗಿ ಮುಗಿದ ಮೇಲೆ ಯಾಕೆ ಬರುತ್ತಾನೆ, ಒಂದು ಮನೆತನದ ಸತ್ತವರನ್ನೆಲ್ಲ ಹೇಗೆ ಬಾಯಲ್ಲಿ ಹೊತ್ತು ತಿರುಗುತ್ತಾನೆ, ತಾನು ಸೈಕಲ್ ಹತ್ತಿ ಯಾವ ಕಡೆ ಹೋಗುತ್ತಿದ್ದ, ಎಲ್ಲ. ಹೇಳಿ, ಸಿಟ್ಟಿನಿಂದಲೇ ಕೇಳಿದ. "ಅವತ್ತೇ ಗೊತ್ತಿತ್ತು ಅಂದಮೇಲೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ?"

ಗಾರ್ಡನ್ ಬಗ್ಗಿ ಬೂಟಿನ ಲೇಸು ಬಿಗಿದ.

"ಅವಳು ಅವತ್ತು ನಿನ್ನನ್ನು ನೋಡಿದ ಹಾಗೆ ಕ್ಯಾಲಮ್ ನನ್ನನ್ನು ಎಂದೂ ನೋಡಿಲ್ಲ. ಆ ಹಾಳೆಯನ್ನೂ ಅವನು ಒಂದು ಸಲ ಸರಿಯಾಗಿ ಓದಿಲ್ಲ. ಒಂದು ವಾರ ನನಗೆ ನಿದ್ದೆ ಬರಲಿಲ್ಲ, ಬಸು. ನಿನ್ನ ಸುಳ್ಳನ್ನು ಹೇಳಿಬಿಡಬೇಕೆಂದು ಫೋನು ಕೈಗೆತ್ತಿಕೊಳ್ಳುವುದು, ಇಡುವುದು. ಅಷ್ಟು ಉರಿಯಿತು."

ಬಸವಂತಪ್ಪ ಬೆಂಚಿನ ಮೇಲೆ ಸ್ವಲ್ಪ ನೆಟ್ಟಗೆ ಕೂತ.

ಒಳಗಿನವರು ಕಾಗದ ಹಿಡಿದು ಹೊರಬಂದರು, ಎಲ್ಲರೂ ಬೀದಿಗಿಳಿದರು. ಗಾರ್ಡನ್ ತಳ್ಳುಗಾಡಿಯ ಹಿಡಿಗೆ ಕೈ ಹಾಕಿದ. ಬಸವಂತಪ್ಪನೂ ಹಾಕಿದ. ಇವನು ಬಿಡಲಿ ಎಂದು ಅವನು, ಅವನು ಬಿಡಲಿ ಎಂದು ಇವನು. ಸಿಗ್ನಲ್ ಹಸಿರಾಯಿತು. ಇಬ್ಬರು ಮುದುಕರು ಭುಜಕ್ಕೆ ಭುಜ ಒತ್ತಿಕೊಂಡು, ಒಂದೇ ಹಿಡಿಯನ್ನು ನಾಲ್ಕು ಕೈಯಲ್ಲಿ ಹಿಡಿದು, ಸ್ವಲ್ಪ ಎಡಕ್ಕೆ ಸ್ವಲ್ಪ ಬಲಕ್ಕೆ ಓಲಾಡುತ್ತ ರಸ್ತೆ ದಾಟಿದರು. ಕೂಸು ನಿದ್ದೆಯಲ್ಲಿತ್ತು.

ಇದನ್ನು ಕೇಳಿ ಸುಮ್ಮನಾಗಬೇಡಿ, ಇನ್ನೊಬ್ಬರಿಗೆ ಹೇಳಿ. ಸುವರ್ಣಾಳ ಕಿವಿಗೆ ಮಾತ್ರ ಈಗಲೇ ಹಾಕಬೇಡಿ. ಮುಂದೊಂದು ದಿನ ಆ ಹುಡುಗ ನನ್ನ ಹೆಸರಿನ ನಡುವೆ ಇರುವವನು ಯಾರು ಎಂದು ಕೇಳುತ್ತಾನೆ. ಆಗ ಹೇಳುವವರು ಒಬ್ಬರಾದರೂ ಇರಲಿ.