ಅಂಗೈ ಹೇಳಿದ ಸುಳ್ಳು

ನನಗೆ ಮೂಗಿನ ತುದಿಯಲ್ಲೇ ಕೋಪ. ನಲವತ್ತು ವರ್ಷ ಮರಗೆಲಸ ಮಾಡಿದ್ದೇನೆ, ಹಲಗೆ ಸಮವಾಗಿದೆಯೇ ಎಂದು ನೋಡಲು ಎಂದೂ ಪಟ್ಟಿ ಹಿಡಿದವನಲ್ಲ. ಕಣ್ಣು ಮುಚ್ಚಿ ಬಲಗೈ ಊರಿದರೆ ಸಾಕು, ಕೂದಲೆಳೆಯಷ್ಟು ತಗ್ಗಿದ್ದರೂ ಅಂಗೈ ಹೇಳುತ್ತಿತ್ತು. ಅದನ್ನು ಕಲಿಸಿದವನು ನನ್ನಪ್ಪ.

ಮಗಳು ನನ್ನ ಬಳಿ ಕೆಲಸ ಕಲಿಯಲು ಬಂದ ವರ್ಷ ಅವಳು ಉಜ್ಜಿದ ಹಲಗೆಗಳೆಲ್ಲ ನನಗೆ ತಗ್ಗಾಗಿಯೇ ಕಂಡವು. ಒಂದು ಮೇಜಿನ ಹಲಗೆಯನ್ನಂತೂ ನಾಲ್ಕು ಸಲ ಉಜ್ಜಿಸಿದೆ. ಅದು ರಟ್ಟಿನಷ್ಟು ತೆಳ್ಳಗಾದಾಗ ಅವಳು ಉಜ್ಜುಗೊರಡನ್ನು ಕೆಳಗಿಟ್ಟಳು.

"ನಂಗೆ ಈ ಕೆಲಸ ಬರಲ್ಲ ಅಂತಾನೇ ಇಟ್ಕೋ ಅಪ್ಪಾ. ನಾಳೆಯಿಂದ ಬರಲ್ಲ."

"ಬರಬೇಡ!" ಎಂದುಬಿಟ್ಟೆ.

ಹೊರಟವಳು ಬಾಗಿಲಿಂದ ತಿರುಗಿ ಬಂದಳು. ಉಕ್ಕಿನ ಪಟ್ಟಿಯನ್ನು ಹಲಗೆಯ ಮೇಲೆ ನಿಲ್ಲಿಸಿ ಹಿಂದೆ ದೀಪ ಹಿಡಿದಳು. ಅಡಿಯಿಂದ ಒಂದೆಳೆ ಬೆಳಕೂ ನುಸುಳಲಿಲ್ಲ.

"ಈಗ ನಿನ್ನ ಕೈ ಇಡು."

ಇಟ್ಟೆ. ಉಂಗುರದ ಬೆರಳು, ಕಿರುಬೆರಳು ಮಡಚಿಕೊಂಡು, ಅಂಗೈ ಹಲಗೆಗೆ ತಾಗಲೇ ಇಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!" ಎಂದವಳು ನನ್ನ ಅಂಗೈ ಒತ್ತಿ ನೋಡಿದಳು. "ಇದೇನಪ್ಪಾ, ಒಳಗೆ ಹಗ್ಗ ಇದ್ದ ಹಾಗಿದೆ?"

"ದುಡಿದ ಕೈ, ಜಡ್ಡುಗಟ್ಟಿದೆ" ಎಂದೆ. ನೋವಿರಲಿಲ್ಲ, ಹಾಗಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ಅವಳು ಬಿಡಲಿಲ್ಲ.

ಡಾಕ್ಟರಮ್ಮ ಕೂಡ ಮೇಜಿನ ಮೇಲೆ ಕೈ ಊರಿ ಎಂದರು. "ಜಡ್ಡಲ್ಲ ಇದು. ಚರ್ಮದ ಕೆಳಗಿನ ಪೊರೆ ದಪ್ಪ ಆಗಿ, ಹುರಿ ಕಟ್ಕೊಂಡು ಬೆರಳನ್ನ ಎಳೀತಾ ಇದೆ. ಕೆಲವು ಮನೆತನದಲ್ಲಿ ಬರುತ್ತೆ. ನಿಮ್ಮ ತಂದೆಯವರಿಗೂ ಇತ್ತಾ?"

ಅಪ್ಪನ ಬೆರಳೂ ಮಡಚಿಕೊಂಡಿತ್ತು. ಕೊನೆಯ ವರ್ಷಗಳಲ್ಲಿ ನನ್ನ ಒಂದು ಹಲಗೆಯನ್ನೂ ಅವನು ಒಪ್ಪಿರಲಿಲ್ಲ. ನಾನೇ ದಡ್ಡ ಎಂದು ಇಷ್ಟು ಕಾಲ ನಂಬಿದ್ದೆ.

ಅಂಗೈ ಕೊಯ್ದು ಹುರಿ ತೆಗೆದರು. ಮತ್ತೆ ಬರಲೂಬಹುದು ಎಂದೂ ಎಚ್ಚರಿಸಿದರು. ಬೆರಳಿಗೆ ದಬ್ಬೆ ಕಟ್ಟಿಕೊಂಡು ತಿಂಗಳುಗಟ್ಟಲೆ ಗೊಣಗಿದೆ. ನನ್ನ ಬೈಗುಳ ಕೇಳುತ್ತಲೇ ಮಗಳು ದಿನಾ ಒಂದೊಂದು ಬೆರಳನ್ನೂ ಬಿಡಿಸಿ ವ್ಯಾಯಾಮ ಮಾಡಿಸಿದಳು. ಅವಳ ಋಣ ದೊಡ್ಡದು.

ಕೈ ಮಾಗಿದ ಮೇಲೆ ಆ ತೆಳ್ಳನೆಯ ಹಲಗೆಯನ್ನೇ ಹುಡುಕಿ ತೆಗೆದೆ. ಕಣ್ಣು ಮುಚ್ಚಿ ಕೈ ಊರಿದೆ. ಅಂಗೈ ಪೂರ್ತಿ ತಾಗಿತು.

"ಹೇಗಿದೆ?" ಬಾಗಿಲಲ್ಲೇ ನಿಂತು ಮಗಳು ಕೇಳಿದಳು.

"ಮೊದಲನೇ ಸಲಾನೇ ಸರಿಯಾಗಿತ್ತು ಕಣಮ್ಮಾ."

ಅಪ್ಪನ ಬಾಯಿಂದ ನಾನು ಕಾದು ಕಾದು ಕೇಳದೆ ಹೋದ ಮಾತು ಅದು. ಮಗಳು ಒಳಗೆ ಬಂದು ಇನ್ನೊಂದು ಹಲಗೆ ಎತ್ತಿ ನನ್ನ ಮುಂದಿಟ್ಟಳು.